ಮರುಪ್ರಸಾರದ ಮರುದಿನ

ಬೆಳಗ್ಗೆಯಿಂದ ಅವನು ಅರವತ್ತು ಶೀಟುಗಳನ್ನು ಬೆಳಕಿನ ಮೇಜಿನ ಮೇಲೆ ಹರಡಿ ನೋಡಿದ್ದ, ಒಂದರಲ್ಲೂ ತೂತು ಕಂಡಿರಲಿಲ್ಲ. ಆಸ್ಪತ್ರೆಯ ಮಂಚಗಳ ಮೇಲಿಂದ ಬಂದ ಅರವತ್ತು ಶೀಟುಗಳಲ್ಲಿ ನಾಲ್ಕಾದರೂ ಹರಿದಿರಲೇಬೇಕು. ಕಾಣುತ್ತಿಲ್ಲವೆಂದರೆ ತಾನು ನೋಡುತ್ತಿಲ್ಲ ಎಂದೇ ಅರ್ಥ. ಹದಿನೆಂಟು ವರ್ಷದಿಂದ ಇದೇ ಕೆಲಸ. ಒಗೆದು, ಹಿಂಡಿ, ರೋಲರಿನಲ್ಲಿ ಇಸ್ತ್ರಿಯಾಗಿ ಬಂದ ಶೀಟನ್ನು ಗಾಜಿನ ಮೇಜಿನ ಮೇಲೆ ಎಳೆದುಕೊಳ್ಳಬೇಕು, ಗಾಜಿನಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸವೆದ ಜಾಗ, ಕಲೆ, ತೂತು ಹುಡುಕಬೇಕು, ಕೆಟ್ಟಿದ್ದರೆ ಒಂದು ಗಾಡಿಗೆ, ಚೆನ್ನಾಗಿದ್ದರೆ ಇನ್ನೊಂದು ಗಾಡಿಗೆ ಹಾಕಬೇಕು. ಇವತ್ತು ಎಲ್ಲವೂ ಚೆನ್ನಾಗಿದ್ದವು. ಬೆಳ್ಳನೆಯ ಬಟ್ಟೆಯ ಮೇಲೆ ಅವನಿಗೆ ಕಾಣುತ್ತಿದ್ದದ್ದು ತನ್ನ ಕೈಗಳು ಮಾತ್ರ. ನಲವತ್ತೈದು ದಾಟಿದರೂ ಗಟ್ಟಿಮುಟ್ಟಾದ, ಯಾರೂ ಹೆಸರಿಡಲಾಗದ ಕೈಗಳು. ನಿನ್ನೆ ಚಹಾದ ಹೊತ್ತಿನಲ್ಲಿ ಇವು ಮಾಡಿದ ಕೆಲಸ ನೆನಪಾದಾಗೆಲ್ಲ ಶೀಟನ್ನು ಅರ್ಧಂಬರ್ಧ ನೋಡಿ ಎಳೆದುಹಾಕುತ್ತಿದ್ದ. ಮೂವತ್ತು ಹೆಜ್ಜೆ ಆಚೆ, ಆವಿಯ ನಡುವೆ, ರೋಲರಿನ ಬಾಯಲ್ಲಿ ಭಾವ ನಿಂತಿದ್ದರು. ಭಾವ ಎಂದರೆ ಅಕ್ಕನ ಗಂಡ. ಅವನನ್ನು ಈ ಕೆಲಸಕ್ಕೆ ಸೇರಿಸಿದವರು. ರೋಲರ್ ಸಾಲಿನ ಮುಖ್ಯಸ್ಥರು. ಬೆಳಗ್ಗೆ ಬಂದಾಗ ಎಂದಿನಂತೆ "ಏನಯ್ಯ" ಎಂದಿದ್ದರು, ಅವನು ಎಂದಿನಂತೆ "ಹೂಂ ಭಾವ" ಎಂದಿದ್ದ. ಅಷ್ಟು ಸಹಜವಾಗಿ ಆ "ಏನಯ್ಯ" ಬಂದದ್ದೇ ಅವನನ್ನು ಹೆಚ್ಚು ಕಾಡುತ್ತಿತ್ತು.

ಭಾನುವಾರ ನೀಲಿ ತಂಡ ಸೋತಿತ್ತು. ಸೋಲೆಂದರೆ ಅಂತಿಂಥ ಸೋಲಲ್ಲ. ತನ್ನದೇ ಮೈದಾನದಲ್ಲಿ, ಯಾರೂ ಹೆಸರು ಕೇಳಿರದ ತಂಡದಿಂದ ಮೂರು ಗೋಲು ತಿಂದು, ಒಂದನ್ನೂ ಹೊಡೆಯದೆ, ಮೊದಲ ದರ್ಜೆಯಿಂದ ಎರಡನೇ ದರ್ಜೆಗೆ ಇಳಿದುಬಿಟ್ಟಿತ್ತು. ಹನ್ನೊಂದು ಸಲ ಕಪ್ ಎತ್ತಿದ್ದ ತಂಡ! ಬಟ್ಟೆ ಒಗೆಯುವ ಈ ವಿಭಾಗದಲ್ಲಿ ಅರ್ಧ ಜನ ನೀಲಿ, ಅರ್ಧ ಜನ ಹಳದಿ. ಸೋಲಿನ ಮರುದಿನ ಇಲ್ಲಿ ಒಂದು ಪದ್ಧತಿ ಇತ್ತು, ಅದಕ್ಕೆ ಮರುಪ್ರಸಾರ ಎಂದು ಹೆಸರು. ಚಹಾದ ಹೊತ್ತಿಗೆ ಬಟ್ಟೆ ವಿಂಗಡಿಸುವ ದೊಡ್ಡ ಮೇಜು ಖಾಲಿಯಾಗಬೇಕು. ಎದುರಾಳಿ ಕಡೆಯ ಒಬ್ಬ ಅದರ ಮೇಲೆ ಹತ್ತಿ, ತಿಂದ ಗೋಲುಗಳನ್ನೆಲ್ಲ ಒಂದೊಂದಾಗಿ ಆಡಿ ತೋರಿಸಬೇಕು. ಸೋತವರು ಮುಂದಿನ ಸಾಲಿನಲ್ಲಿ ಬಟ್ಟೆಗಂಟುಗಳ ಮೇಲೆ ಕೂತು ನೋಡಬೇಕು. ಏಳುವಂತಿಲ್ಲ, ಎದುರಾಡುವಂತಿಲ್ಲ, ಮುಖ ಊದಿಸಿಕೊಳ್ಳುವಂತಿಲ್ಲ. ಮುಗಿದ ಮೇಲೆ "ಚೆನ್ನಾಗಿತ್ತು" ಎಂದು ಒಪ್ಪಿಕೊಂಡೇ ಕೆಲಸಕ್ಕೆ ಹೋಗಬೇಕು. ಈ ಪದ್ಧತಿ ಹುಟ್ಟುಹಾಕಿದವರು ಬೇರಾರೂ ಅಲ್ಲ, ಭಾವನೇ. ನೀಲಿ ತಂಡ ಎದುರಿಗೆ ಸಿಕ್ಕವರನ್ನೆಲ್ಲ ಮಣ್ಣು ಮುಕ್ಕಿಸುತ್ತಿದ್ದ ಕಾಲದಲ್ಲಿ ಸೋಮವಾರ ಬಂತೆಂದರೆ ಮೇಜು ಹತ್ತುತ್ತಿದ್ದವರು ಅವರು. ಆ ಹತ್ತು ಹನ್ನೆರಡು ವರ್ಷ ಗಂಟಿನ ಮೇಲೆ ಕೂತು, "ಚೆನ್ನಾಗಿತ್ತು ಭಾವ" ಎನ್ನುತ್ತಿದ್ದವನು ಇವನು. ಆದ್ದರಿಂದ ನಿನ್ನೆ ಮೇಜು ಹತ್ತುವಾಗ ಅವನಿಗೆ ಪಾಪಪ್ರಜ್ಞೆ ಇರಲಿಲ್ಲ. ಕುಣಿಯುವಷ್ಟು ಖುಷಿ ಇತ್ತು.

ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಮೊದಲೇ ಹಾಸ್ಯ ಶುರುವಿಟ್ಟುಕೊಂಡಿದ್ದ. "ಎರಡನೇ ದರ್ಜೇಲಿ ಆಟಗಾರರೇ ಮೈದಾನದ ಹುಲ್ಲು ಕತ್ತರಿಸ್ಬೇಕಂತೆ, ನಿಜಾನಾ ಭಾವ?" ಎಂದು ಅವನು ಕೇಳಿದ. ಭಾವ ಇವನೊಬ್ಬನಿಗೇ ಭಾವ ಆಗಿ ಉಳಿದಿರಲಿಲ್ಲ, ಎಲ್ಲರಿಗೂ ಭಾವನೇ. "ಮುಂದಿನ ವರ್ಷ ನಿಮ್ಮ ಮ್ಯಾಚು ಟೀವೀಲಿ ಬರಲ್ಲ. ಯಾರಾದ್ರೂ ಹೋಗಿ ನೋಡ್ಕೊಂಡು ಬಂದು ಹೇಳ್ಬೇಕು ಅಷ್ಟೆ" ಎಂದ ಇನ್ನೊಬ್ಬ. "ಹನ್ನೊಂದು ಕಪ್ಪಿದೆಯಲ್ಲ, ಹನ್ನೊಂದು ಜನಕ್ಕೂ ಒಂದೊಂದು ಕೊಟ್ಟು ಚಹಾ ಕುಡಿಸಿ ಮನೆಗೆ ಕಳ್ಸಿ" ಎಂದ ಮತ್ತೊಬ್ಬ. ಭಾವ ಗಂಟಿನ ಮೇಲೆ ಕೂತು ನಿಯಮದಂತೆ ನಗುತ್ತಿದ್ದರು. ಮೊದಲ ಗೋಲು ಅವನು ಚೆನ್ನಾಗಿ ಮಾಡಿದ, ಎರಡನೆಯದು ಇನ್ನೂ ಚೆನ್ನಾಗಿ. ಮೂರನೆಯದು ಗೋಲ್‌ಕೀಪರನ ತಪ್ಪು. ನೇರವಾಗಿ ಕೈಗೆ ಬಂದ ಚೆಂಡು, ಮಗುವೂ ಹಿಡಿಯಬಹುದಾದ ಚೆಂಡು, ಬೆರಳುಗಳ ನಡುವಿನಿಂದ ಜಾರಿ ಹಿಂದಕ್ಕೆ ಉರುಳಿ ಗೆರೆ ದಾಟಿತ್ತು. ಅದನ್ನು ತೋರಿಸಲು ಟವೆಲುಗಳ ಉಂಡೆಯೊಂದನ್ನು ಎದೆಗವಚಿಕೊಂಡ. ಏನೋ ಕಡಿಮೆಯಾಯಿತು ಎನ್ನಿಸಿತು, ನಗು ಸಾಲದು ಎನ್ನಿಸಿತು. ಆಗ ಅವನ ಬಲಗೈ ಅದುರತೊಡಗಿತು. ಹೆಬ್ಬೆರಳು ತೋರುಬೆರಳಿನ ಮೇಲೆ ಕಾಳು ಉಜ್ಜುವ ಹಾಗೆ ಆಡತೊಡಗಿತು, ಮಣಿಕಟ್ಟು ಸಣ್ಣಗೆ ನಡುಗಿತು, ಉಂಡೆ ಜಾರಿ ಬಿತ್ತು. ನಗು ಒಮ್ಮೆ ಜೋರಾಗಿ ಎದ್ದು, ತಕ್ಷಣ ಬೇರೆಯಾಯಿತು. ಅರ್ಧ ಜನ ನಗುತ್ತಲೇ ಇದ್ದರು, ಉಳಿದವರು ನೆಲ ನೋಡಿದರು. ಅದು ಯಾವ ಗೋಲ್‌ಕೀಪರನ ಕೈಯೂ ಅಲ್ಲವೆಂದು ಅಲ್ಲಿದ್ದ ಬಹಳ ಜನಕ್ಕೆ ಗೊತ್ತಾಯಿತು. ಬಾಗಿಲಲ್ಲಿ ವಿಭಾಗ ನೋಡಿಕೊಳ್ಳುವ ಹೊಸ ಮೇಡಂ ನಿಂತಿದ್ದರು. ಅವರು ಮೊದಲು ಅವನ ಕೈ ನೋಡಿದರು, ಆಮೇಲೆ ತಿರುಗಿ ಭಾವನನ್ನು ನೋಡಿದರು. ಭಾವ "ಚೆನ್ನಾಗಿತ್ತು, ಚೆನ್ನಾಗಿತ್ತು" ಎಂದು ಎಲ್ಲರಿಗಿಂತ ಮೊದಲು ಎದ್ದು ಹೋದರು.

ಕೈ ತಾನಾಗಿಯೇ ಹಾಗೆ ಆಡಿತು, ನಾನು ಬೇಕೆಂದು ಮಾಡಲಿಲ್ಲ ಎಂದು ರಾತ್ರಿಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ನಿಜವೂ ಆಗಿತ್ತು. ಆದರೆ ಅದರ ಹಿಂದೆ ಇನ್ನೊಂದು ನಿಜ ಇತ್ತು, ಅದನ್ನು ಈಗ ಅರವತ್ತೊಂದನೆಯ ಶೀಟಿನ ಮೇಲೆ ಬಾಗಿದಾಗ ಒಪ್ಪಿಕೊಳ್ಳಬೇಕಾಯಿತು. ನಗು ಬದಲಾದದ್ದು ಅವನ ಕಿವಿಗೆ ಬಿದ್ದಿತ್ತು. ಅದು ಯಾರ ಕೈ ಎಂದು ಆ ಕ್ಷಣವೇ ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಉಂಡೆಯನ್ನು ಎತ್ತಿಕೊಂಡು, ಇನ್ನೊಂದು ಸಲ ನಡುಗಿಸಿ, ಇನ್ನೊಂದು ಸಲ ಬೀಳಿಸಿದ್ದ. ಇನ್ನೂ ನಗುತ್ತಿದ್ದವರು ಇದ್ದರಲ್ಲ, ಅವರಿಗಾಗಿ. ಮೊದಲ ಸಲದ್ದು ಕೈತಪ್ಪು ಎನ್ನಬಹುದು, ಎರಡನೆಯದಕ್ಕೆ ಏನೆನ್ನುವುದು?

ಆರು ತಿಂಗಳ ಹಿಂದೆ ಅಕ್ಕ ಅವನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದ್ದಳು. "ನಿಮ್ಮ ಭಾವನ ಕೈ ನೋಡಿದೀಯಾ?" ನೋಡಿದ್ದ. ಊಟದ ಮೇಜಿನಲ್ಲಿ ಯಾವಾಗಲೂ ಭಾವನ ಎದುರಿಗೆ ಕೂರುವವನು ಅವನೇ. ಅರ್ಧ ಲೋಟ ಮಾತ್ರ ನೀರು ಬಗ್ಗಿಸಿಕೊಳ್ಳುವುದು, ಪೇಪರು ಓದುವಾಗ ಅದರ ಒಂದು ಮೂಲೆ ಪಟಪಟ ಎನ್ನುವುದು, ಎಲ್ಲ ಕಂಡಿತ್ತು. "ರಿಟೈರ್ ಆಗೋಕೆ ಇನ್ನೆರಡು ವರ್ಷ ಇದೆ ಕಣೋ. ರೋಲರ್ ಬಿಡಿಸಿದ್ರೆ ಅವರು ಕುಸಿದು ಹೋಗ್ತಾರೆ. ನೀನಿದೀಯಲ್ಲ ಅಲ್ಲಿ, ಹೇಗಾದ್ರೂ ದಾಟಿಸಿಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ." ಅವನು ಮಾತು ಕೊಟ್ಟಿದ್ದ. ಹನ್ನೆರಡು ವರ್ಷದವನಿದ್ದಾಗ ಇದೇ ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋದ ಮನುಷ್ಯನ ಮೇಲೆ ಅವನಿಗೆ ಹೇಳಿಕೊಳ್ಳಲಾಗದ ಸಿಟ್ಟಿತ್ತು. ಮದುವೆಯಾದ ತಿಂಗಳಲ್ಲೇ ಭಾವ ಅವನನ್ನು ಮೊದಲ ಸಲ ಮೈದಾನಕ್ಕೆ ಕರೆದೊಯ್ದು, ನೀಲಿಯವರ ನಡುವೆ ಕೂರಿಸಿ, ಕತ್ತಿಗೆ ತಮ್ಮದೇ ನೀಲಿ ಮಫ್ಲರ್ ಸುತ್ತಿದ್ದರು. ಆಟ ಅವನಿಗೆ ಅರ್ಥವಾಗಿರಲಿಲ್ಲ. ಎದುರು ಹಳದಿ ಅಂಗಿಯವರು ಓಡುತ್ತಿದ್ದರು. ಈ ಭಾವನ ತಂಡ ಸೋಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದ, ಅಷ್ಟೆ, ಅವತ್ತಿನಿಂದ ಹಳದಿಯವನಾದ. ಮಿಕ್ಕ ಕಾರಣಗಳನ್ನೆಲ್ಲ ಆಮೇಲೆ ಹುಡುಕಿಕೊಂಡದ್ದು. ಆ ಬೇಡಿಕೆ ಫಲಿಸಲು ಮೂವತ್ತಮೂರು ವರ್ಷ ಬೇಕಾಯಿತು, ಫಲಿಸಿದ್ದು ತಂಡಕ್ಕೂ ಭಾವನಿಗೂ ಒಟ್ಟಿಗೇ ಎಂದು ಯೋಚಿಸುತ್ತ ಶೀಟನ್ನು ಚೆನ್ನಾಗಿರುವ ಗಾಡಿಗೆ ಹಾಕಿದ.

"ಅದು ಹರಿದಿದೆ" ಎಂದಳು ಚಿಕ್ಕಮ್ಮ. ಇಡೀ ವಿಭಾಗ ಚಿಕ್ಕಮ್ಮ ಎಂದೇ ಕರೆಯುವ ಆ ಹೆಂಗಸು ರೋಲರಿನಲ್ಲಿ ಭಾವನ ಜೊತೆಗಾರ್ತಿ. ಒದ್ದೆ ಶೀಟಿನ ಒಂದು ಮೂಲೆ ಭಾವನ ಕೈಲಿ, ಇನ್ನೊಂದು ಅವಳ ಕೈಲಿ. ಯಾವಾಗ ಬಂದು ನಿಂತಿದ್ದಳೋ. ಗಾಡಿಯಿಂದ ಶೀಟನ್ನು ಎಳೆದು ಅಂಗೈ ಅಗಲದ ತೂತಿನಲ್ಲಿ ಕೈ ತೂರಿಸಿ ತೋರಿಸಿದಳು.

"ಕಾಣ್ಲಿಲ್ಲ."

"ನಿನ್ನೆ ಕಾಣಬಾರದ್ದೆಲ್ಲ ಕಂಡಿತ್ತು."

ಅವನು ಶೀಟನ್ನು ಅವಳ ಕೈಯಿಂದ ತೆಗೆದುಕೊಂಡು ಇನ್ನೊಂದು ಗಾಡಿಗೆ ಹಾಕಿದ.

"ಅಷ್ಟು ಚೆನ್ನಾಗಿ ಮಾಡ್ಬೇಕಾಗಿತ್ತೇನೋ? ನಿನಗೊಬ್ಬನಿಗೇ ಗೊತ್ತಿರೋದು ಅಂದ್ಕೊಂಡಿದ್ಯಾ? ನಾನು ಆರು ತಿಂಗಳಿಂದ ಅವರ ಮೂಲೆನೂ ನಾನೇ ಎಳೀತಾ ಇದೀನಿ. ಬಾಯಿ ಬಿಟ್ಟಿದೀನಾ?" ದನಿ ತಗ್ಗಿಸಿದಳು. "ಬೆಳಗ್ಗೆ ಮೇಡಂ ಬಂದು ಅವರ ಪಕ್ಕದಲ್ಲೇ ಕಾಲು ಗಂಟೆ ನಿಂತಿದ್ರು. ಮೂರು ಗಂಟೆಗೆ ನಿಮ್ಮಿಬ್ಬರನ್ನೂ ಕರೆದಿದಾರಂತೆ, ಸಹಿಗೆ."

ಸಹಿ ಹೊಸದೇನಲ್ಲ. ಮೂರು ತಿಂಗಳಿಗೊಮ್ಮೆ ಒಂದು ಪಟ್ಟಿ ಬರುತ್ತಿತ್ತು. ರೋಲರಿನಲ್ಲಿ ಕೆಲಸ ಮಾಡುವ ಏಳೂ ಜನ ಆ ಕೆಲಸಕ್ಕೆ ತಕ್ಕವರು, ಯಂತ್ರ ಸುರಕ್ಷಿತ ಎಂದು ಇಬ್ಬರು ಸಹಿ ಹಾಕಬೇಕು. ಒಬ್ಬರು ಸಾಲಿನ ಮುಖ್ಯಸ್ಥರು, ಇನ್ನೊಬ್ಬ ತಪಾಸಣೆಯವನು. ರೋಲರಿಗೆ ಓರೆಯಾಗಿ ಹೋದ ಶೀಟು ಓರೆಯಾಗಿ ಇಸ್ತ್ರಿಯಾಗಿ ಮೊದಲು ಬರುವುದು ಅವನ ಮೇಜಿಗೇ, ಆದ್ದರಿಂದ. ಕಳೆದ ಎರಡು ಸಲ ಓದದೆ ಸಹಿ ಹಾಕಿದ್ದ. ಓದದೆ ಎಂದರೆ, ಓದಿದರೆ ಏನು ಬರೆದಿದೆ ಎಂದು ಗೊತ್ತಿದ್ದರಿಂದ.

ಚಹಾದ ಹೊತ್ತಿಗೆ ಅವನು ಎಲ್ಲರ ಜೊತೆ ಕೂರಲಿಲ್ಲ. ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತ. ಅಂಗಳದ ಆಚೆ ಆಸ್ಪತ್ರೆಯ ಗೋಡೆ, ಅದರ ಉದ್ದಕ್ಕೂ ಒಂದೇ ಅಳತೆಯ ಕಿಟಕಿಗಳು. ಒಳಗಿನಿಂದ ಡ್ರೈವರನ ದನಿ ಕೇಳುತ್ತಿತ್ತು, ನೀಲಿ ತಂಡದ ಹೆಸರೆತ್ತಿ ಇನ್ನೂ ಏನೋ ಹೇಳುತ್ತಿದ್ದ; ಇವತ್ತು ನಗು ಅಷ್ಟಕ್ಕಷ್ಟೆ. ಭಾವ ಬಂದು ಪಕ್ಕದಲ್ಲಿ ಕೂತರು. ಲೋಟ ಬಲಗೈಯಲ್ಲಿತ್ತು, ಅರ್ಧ ತುಂಬಿತ್ತು.

"ಭಾವ, ನಿನ್ನೆ..."

"ತಪ್ಪು ಮಾಡ್ದೆ ನೀನು" ಎಂದರು ಭಾವ.

"ಹೂಂ."

"ನಡುಗೋದು ಎಡಗೈ ಕಣಯ್ಯ. ನೀನು ಬಲಗೈ ಅಲ್ಲಾಡಿಸ್ದೆ."

ಅವನು ತಿರುಗಿ ನೋಡಿದ. ಭಾವನ ಮೀಸೆಯ ಅಂಚಿನಲ್ಲಿ ಹಳೆಯ ಸೋಮವಾರಗಳ ನಗು ಇತ್ತು. ಅವನು ತನ್ನ ಎರಡೂ ಕೈಗಳನ್ನು ನೋಡಿಕೊಂಡ. ನಿಜ. ಇಷ್ಟು ವರ್ಷ ಎದುರು ಕೂತೇ ಊಟ ಮಾಡಿದವನು, ಎದುರಿನಿಂದ ಕಂಡ ಕಡೆಯ ಕೈಯನ್ನೇ ತನ್ನಲ್ಲಿ ಹುಡುಕಿಕೊಂಡಿದ್ದ. ಭಾವನ ಎಡ ಅವನಿಗೆ ಬಲವಾಗಿತ್ತು. ಇಷ್ಟು ಹತ್ತಿರದಿಂದ ನೋಡಿದ್ದೂ ಸರಿಯಾಗಿ ನೋಡಿದಂತಾಗಿರಲಿಲ್ಲ.

"ನಕಲು ಮಾಡೋದಾದ್ರೆ ನೆಟ್ಟಗೆ ಮಾಡ್ಬೇಕಪ್ಪ. ನಮ್ಮ ಕಾಲದಲ್ಲಿ ನಾವು ಹಾಗೆಲ್ಲ ಕಾಟಾಚಾರಕ್ಕೆ ಮಾಡ್ತಿರ್ಲಿಲ್ಲ" ಎಂದು ಭಾವ ಚಹಾ ಗುಟುಕರಿಸಿದರು. "ಆದ್ರೆ ನೋಡು, ತಪ್ಪಾಗಿದ್ದೇ ಒಳ್ಳೇದಾಯ್ತು. ಬೆಳಗ್ಗೆ ಆ ಹುಡುಗಿ ಬಂದು ಪಕ್ಕದಲ್ಲೇ ನಿಂತ್ಲು. ಪಾಪ, ಕೇಳೋಕೆ ಸಂಕೋಚ. ಬಲಗೈನೇ ನೋಡ್ತಿದ್ಲು. ಈ ಕಾಗದದ ಮೇಲೆ ನಿಮ್ಮ ಹೆಸರು ಬರೀರಿ ಅಂದ್ಲು. ಗಂಟಿನ ಮೇಲೆ ಕೂತು ಬರ್ದೆ, ಮುತ್ತು ಪೋಣಿಸಿದ ಹಾಗೆ. ಎಡಗೈ ಇಲ್ಲಿ ತೊಡೆ ಕೆಳಗೆ ಇಟ್ಕೊಂಡಿದ್ದೆ. ಸರಿ ಅಂತ ಹೊರಟುಹೋದ್ಲು." ಅವರು ಮೆಟ್ಟಿಲ ಮೇಲೆ ಲೋಟ ಇಟ್ಟರು. "ಮೂರು ಗಂಟೆಗೆ ನೀನೂ ಒಂದು ಸಹಿ ಎಳೆದುಬಿಡು. ಅಲ್ಲಿಗೆ ಮುಗೀತು. ನಿನ್ನೆದೂ ಮುಗೀತು, ನಾನೇನೂ ಮನಸ್ಸಲ್ಲಿ ಇಟ್ಕೊಳಲ್ಲ."

ಅವನಿಗೆ ಬಚಾವಾದೆ ಎನ್ನಿಸಿತು. ಗುಟ್ಟು ರಟ್ಟಾಗಿಲ್ಲ, ಭಾವ ಕ್ಷಮಿಸಿದ್ದಾರೆ, ಅಕ್ಕನಿಗೆ ಕೊಟ್ಟ ಮಾತು ಇನ್ನೂ ಉಳಿದಿದೆ, ಇಷ್ಟಕ್ಕೆಲ್ಲ ಒಂದು ಸಹಿ. "ಆಯ್ತು ಭಾವ" ಎಂದ. ಭಾವ ಅವನ ಭುಜ ತಟ್ಟಿ ಎದ್ದರು. ತಟ್ಟಿದ್ದೂ ಬಲಗೈಯಿಂದಲೇ.

ಒಳಗೆ ಬಂದಾಗ ರೋಲರು ಖಾಲಿ ನಿಂತಿತ್ತು, ಬಿಸಿ ಮಾತ್ರ ಹಾಗೇ ಇತ್ತು. ಸುಮ್ಮನೆ ಹತ್ತಿರ ಹೋದ. ಒದ್ದೆ ಶೀಟಿನ ಅಂಚನ್ನು ಇಬ್ಬರು ಹಿಡಿದು ಯಂತ್ರದ ಓಡುವ ಪಟ್ಟಿಯ ಮೇಲೆ ನೇರವಾಗಿ ಇಡಬೇಕು, ಪಟ್ಟಿ ಅದನ್ನು ಒಳಗೆಳೆದುಕೊಳ್ಳುತ್ತದೆ, ಒಳಗೆ ಆಳೆತ್ತರದ ಉರುಳೆ ಕಾದಿರುತ್ತದೆ. ಉರುಳೆಯ ಬಾಯಿಗೆ ಅಡ್ಡಲಾಗಿ ಒಂದು ತೆಳು ಕಂಬಿ. ಬೆರಳು ಅದಕ್ಕೆ ತಾಗಿದರೆ ಸಾಕು, ಯಂತ್ರ ನಿಲ್ಲುತ್ತದೆ. ಎರಡು ತಿಂಗಳ ಹಿಂದೆ ದಿನಕ್ಕೆ ಇಪ್ಪತ್ತು ಸಲ ನಿಲ್ಲತೊಡಗಿತ್ತು. ಭಾವನ ಎಡಗೈ ಅದುರಿ ಅದುರಿ ಕಂಬಿಗೆ ತಾಗುತ್ತಿತ್ತು. ನಿಂತಾಗೆಲ್ಲ ಇಡೀ ಸಾಲು ತಿರುಗಿ ನೋಡುತ್ತಿತ್ತು, ಭಾವನ ಮುಖ ಸಣ್ಣದಾಗುತ್ತಿತ್ತು. ಒಂದು ದಿನ ಬೆಳಗ್ಗೆ ಯಾರೂ ಬರುವ ಮೊದಲೇ ಬಂದು, ಹರಿದ ಶೀಟಿನ ಅಂಚನ್ನು ಪಟ್ಟಿಯಾಗಿ ಸೀಳಿ, ಕಂಬಿ ಅಲುಗಾಡದಂತೆ ಕೆಳಗಡೆಯಿಂದ ಬಿಗಿದು ಕಟ್ಟಿದವನು ಇವನೇ. ಯಾರೂ ಹೇಳಿರಲಿಲ್ಲ. ಭಾವನಿಗೆ ತಿಳಿಯಿತೋ ಇಲ್ಲವೋ, ಕೇಳಲೂ ಇಲ್ಲ. ಯಂತ್ರ ನಿಲ್ಲುವುದು ತಪ್ಪಿತು. ಭಾವ ಒಂದು ವಾರ ಶಿಳ್ಳೆ ಹಾಕುತ್ತ ಕೆಲಸ ಮಾಡಿದರು. ಏನೋ ದೊಡ್ಡ ಉಪಕಾರ ಮಾಡಿದೆ ಎಂದು ಇವನೂ ಬೀಗಿದ್ದ. ಹೋದ ಬುಧವಾರ ಭಾವನ ಅಂಗಿಯ ಎಡತೋಳಿನ ಅಂಚು ಶೀಟಿನ ಜೊತೆಗೇ ಒಳಗೆ ಹೋಯಿತು. ಚಿಕ್ಕಮ್ಮ ಕೂಗಿಕೊಂಡು ಯಂತ್ರ ನಿಲ್ಲಿಸುವ ಗೋಡೆಯ ಗುಂಡಿ ಒತ್ತಿದಳು. ಕೈಗೂ ಉರುಳೆಗೂ ನಡುವೆ ನಾಲ್ಕು ಬೆರಳಿನಷ್ಟು ದೂರ ಉಳಿದಿತ್ತು. ತೋಳಿನ ಬಟ್ಟೆ ಹರಿದುಕೊಂಡು ಭಾವ "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಎಲ್ಲರಿಗೂ ಹೇಳುತ್ತ ಓಡಾಡಿದರು. ಅವನು ತನ್ನ ಮೇಜಿನಿಂದ ನೋಡಿದ್ದ. ನೋಡಿ, ಶೀಟು ಎಳೆದುಕೊಂಡಿದ್ದ. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇಬ್ಬರೂ ಭಾನುವಾರದ ಪಂದ್ಯದ ಬಗ್ಗೆ ಮಾತಾಡಿದ್ದರು, ನೀಲಿ ಉಳಿಯುತ್ತದೋ ಇಳಿಯುತ್ತದೋ ಎಂದು.

ಅವನು ಬಾಗಿ ಕಂಬಿಯ ಕೆಳಗೆ ಕೈ ಹಾಕಿದ. ಗಂಟು ಬಿಸಿಯಾಗಿತ್ತು, ಉಗುರಿಗೆ ಸಿಗದಷ್ಟು ಬಿಗಿದುಕೊಂಡಿತ್ತು. ಬಿಚ್ಚಿಬಿಡೋಣ ಎಂದುಕೊಂಡ. ಬಿಚ್ಚಿದರೆ ಯಂತ್ರ ಮತ್ತೆ ದಿನಕ್ಕೆ ಇಪ್ಪತ್ತು ಸಲ ನಿಲ್ಲುತ್ತದೆ, ಹೊಸ ಮೇಡಂ ಯಾಕೆಂದು ಕೇಳುತ್ತಾರೆ, ಎಡಗೈ ಹೊರಗೆ ಬರುತ್ತದೆ. ಬಿಚ್ಚದೆ ಸಹಿ ಹಾಕಿದರೆ ಎಲ್ಲವೂ ಸರಿ, ಆ ನಾಲ್ಕು ಬೆರಳಿನಷ್ಟು ದೂರ ಉಳಿದಿರುವವರೆಗೆ. ಭಾವ ಕೇಳಿದ ಬೆಲೆ ಇದು ಎಂದು ಆಗ ಅವನಿಗೆ ಅರ್ಥವಾಯಿತು. ನಿನ್ನೆಯದನ್ನು ಮರೆಯುತ್ತೇನೆ, ನಾಳೆಯದನ್ನು ನೀನು ನೋಡಬೇಡ. ಇಂಥ ಕ್ಷಮೆ ಬೇಡ ಎನ್ನುವ ಧೈರ್ಯ ಅವನಿಗೆ ಇರಲಿಲ್ಲ. ಬೇಕು ಎನ್ನಿಸುತ್ತಿತ್ತು, ಬಹಳ ಬೇಕು ಎನ್ನಿಸುತ್ತಿತ್ತು. ಜನ ಬರುವ ಸದ್ದಾಯಿತು, ಕೈ ಹಿಂದಕ್ಕೆಳೆದುಕೊಂಡು ತನ್ನ ಮೇಜಿಗೆ ಹೋದ.

ಮೂರು ಗಂಟೆಗೆ ಮೇಡಂ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಸಿದ್ದರು. ಬಂದು ಮೂರು ತಿಂಗಳಾಗಿತ್ತು ಅವರಿಗೆ, ವಯಸ್ಸು ಮೂವತ್ತು ದಾಟಿರಲಿಲ್ಲ, ದೊಡ್ಡವರನ್ನು ನಿಲ್ಲಿಸಿ ಮಾತಾಡಿಸಲು ಮುಜುಗರ. "ನೀವಿಬ್ಬರೂ ಸಂಬಂಧಿಕರು ಅಂತ ಗೊತ್ತಿರಲಿಲ್ಲ ನನಗೆ" ಎಂದರು. "ನಿನ್ನೆ ಅದನ್ನ ನೋಡಿ ನಾನು ಏನೋ ಅಂದ್ಕೊಂಡುಬಿಟ್ಟಿದ್ದೆ. ತಪ್ಪು ತಿಳ್ಕೋಬೇಡಿ."

"ಅಯ್ಯೋ, ಅದೇನೂ ಇಲ್ಲ ಬಿಡಿ" ಎಂದರು ಭಾವ. "ನಮ್ಮ ತಂಡ ಇಳೀತಲ್ಲ, ಅದಕ್ಕೆ ಇವನು ಸ್ವಲ್ಪ ಏರಿದ್ದ."

ಮೇಡಂ ನಕ್ಕರು. ಪಟ್ಟಿಯನ್ನು ಮುಂದಿಟ್ಟರು. ಭಾವ ಪೆನ್ನು ತೆಗೆದುಕೊಂಡು ಬಾಲ ಸಮೇತ ಸಹಿ ಮಾಡಿದರು, ಪಟ್ಟಿಯನ್ನು ತಿರುಗಿಸಿ ಅವನ ಮುಂದೆ ಸರಿಸಿದರು. ಎಡಗೈ ಮೇಜಿನ ಕೆಳಗಿತ್ತು. ಅವನು ಪೆನ್ನು ಹಿಡಿದ. ಏಳು ಹೆಸರುಗಳನ್ನು ಈ ಸಲ ಓದಿದ, ಕೆಳಗಿನ ಸಾಲುಗಳನ್ನೂ ಓದಿದ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಚುಕ್ಕೆ ಬಿತ್ತು. ನಿನ್ನೆ ಮೇಜಿನ ಮೇಲೆ ನಿಂತಾಗ, ಗೊತ್ತಾದ ಮೇಲೂ ಉಂಡೆಯನ್ನು ಇನ್ನೊಂದು ಸಲ ಎತ್ತಿಕೊಂಡನಲ್ಲ, ಆ ಒಂದು ಗಳಿಗೆ ಮತ್ತೆ ಬಂದು ಎದುರು ನಿಂತಿತು ಎನ್ನಿಸಿತು. ನಿನ್ನೆ ಸುಮ್ಮನಿರಬೇಕಾಗಿತ್ತು, ಇವತ್ತು ಸುಮ್ಮನಿರಬಾರದು. ಆದರೆ ಕೈ ಬಯಲಾದಾಗ ಎರಡು ಸಲವೂ ಭಾವನ ಮುಖ ಒಂದೇ ರೀತಿ ಸಣ್ಣದಾಗುವುದಿಲ್ಲವೇ?

"ಮೇಡಂ, ಕಂಬಿ ಕಟ್ಟಿದೆ."

"ಯಾವ ಕಂಬಿ?"

"ರೋಲರಿಂದು. ಬೆರಳು ತಡೆಯೋದು. ಬಟ್ಟೆಯಿಂದ ಬಿಗಿದಿದೆ, ಅದು ಅಲ್ಲಾಡಲ್ಲ. ನಾನೇ ಕಟ್ಟಿದ್ದು, ಎರಡು ತಿಂಗಳಾಯ್ತು."

ಮೇಡಂ ಮುಖದ ಮೇಲಿದ್ದ ನಗು ಹೋಯಿತು. "ಯಾಕೆ ಕಟ್ಟಿದ್ರಿ?"

ಗೋಡೆಯಾಚೆ ಯಂತ್ರಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಭಾವ ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೇಳಲಾಗುತ್ತಿರಲಿಲ್ಲವೇನೋ.

"ಭಾವನ ಎಡಗೈ ನೋಡಿ."

ಭಾವ ತಾವಾಗಿಯೇ ಎಡಗೈಯನ್ನು ಮೇಲೆ ತಂದು ಪಟ್ಟಿಯ ಮೇಲಿಟ್ಟರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಮಣಿಕಟ್ಟು ಅದುರುತ್ತಿತ್ತು, ಕೈಯಡಿಯ ಕಾಗದ ಪರಪರ ಸದ್ದು ಮಾಡುತ್ತಿತ್ತು. ನಿನ್ನೆ ಇಪ್ಪತ್ತು ಜನ ಇದನ್ನೇ ನೋಡಿ ನಕ್ಕಿದ್ದರು. ಅವನು ತೋರಿಸಿದ್ದು ಏನೂ ಅಲ್ಲ. ನಿಜವಾದದ್ದು ಇನ್ನೂ ಸಣ್ಣದಾಗಿತ್ತು, ಇನ್ನೂ ಬೇಗವಾಗಿತ್ತು, ಆಡುವ ಯಾವ ಕೈಯೂ ತೋರಿಸಲಾಗದಂಥದ್ದು. ಕಣ್ಣು ಬೇರೆ ಕಡೆ ಹೊರಳದಂತೆ ಹಟ ಹಿಡಿದು ನೋಡುತ್ತ ಕೂತ. ಅಷ್ಟಾದರೂ ಮಾಡಬೇಕು ಎನ್ನಿಸಿತು.

"ಎಷ್ಟು ದಿನದಿಂದ?" ಮೇಡಂ ಮೆಲ್ಲಗೆ ಕೇಳಿದರು.

"ಆರು ತಿಂಗಳು."

"ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ."

"ಇಷ್ಟು ಡಾಕ್ಟರುಗಳ ಬಟ್ಟೆ ಒಗೀತೀರಿ, ಅಂಗಳ ದಾಟಿ ಒಬ್ಬರಿಗೆ ತೋರಿಸಿಲ್ಲ." ಬೈದ ಹಾಗಿರಲಿಲ್ಲ. ಪಟ್ಟಿಯನ್ನು ಕೈಯ ಕೆಳಗಿನಿಂದ ನಿಧಾನವಾಗಿ ಎಳೆದುಕೊಂಡು ಭಾವನ ಹೆಸರಿನ ಮೇಲೆ ಗೆರೆ ಎಳೆದರು. "ನಾಳೆ ಬೆಳಗ್ಗೆ ಹೋಗಿ ತೋರಿಸಿ. ಇನ್ನು ರೋಲರ್ ಹತ್ರ ಹೋಗೋದು ಬೇಡ. ಉಗ್ರಾಣದಲ್ಲಿ ಏನಾದ್ರೂ ನೋಡೋಣ. ಇವರದ್ದು..." ಅವನ ಕಡೆ ನೋಡಿದರು, "ಕಂಬಿ ವಿಷಯ ನಾನು ಮೇಲೆ ಬರೀಲೇಬೇಕು. ಏನು ಮಾಡ್ತಾರೋ ನನಗೆ ಗೊತ್ತಿಲ್ಲ."

"ಅದು ನಾನೇ ಕಟ್ಟು ಅಂದಿದ್ದು" ಎಂದರು ಭಾವ. "ಹಾಗೇ ಬರ್ಕೊಳ್ಳಿ."

"ಅಂದಿರ್ಲಿಲ್ಲ" ಎಂದ ಅವನು.

"ಬಾಯಿ ಮುಚ್ಕೊಂಡಿರೋ. ಒಂದು ದಿನಕ್ಕೆ ಎಷ್ಟು ಮಾತಾಡ್ತೀಯ."

ಹೊರಗೆ ಬಂದ ಮೇಲೆ ಭಾವ ಕಾರಿಡಾರಿನಲ್ಲಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ರೋಲರಿನ ಸದ್ದು ಕೇಳುವಷ್ಟು ಹತ್ತಿರ ಬಂದಾಗ ನಿಂತರು, ಒಳಗೆ ಹೋಗಲಿಲ್ಲ. ಅಲ್ಲಿ ಏನು ಮಾಡಬೇಕೆಂದು ತಿಳಿಯದವರ ಹಾಗೆ ಗೋಡೆಗೆ ಅಂಟಿಸಿದ್ದ ಹಳೆಯ ನೋಟೀಸು ಓದುತ್ತ ನಿಂತರು. ಮೂವತ್ತಮೂರು ವರ್ಷದಲ್ಲಿ ಹಗಲು ಹೊತ್ತು ಅವರು ಹಾಗೆ ಸುಮ್ಮನೆ ನಿಂತದ್ದನ್ನು ಅವನು ನೋಡಿರಲಿಲ್ಲ. "ಭಾವ" ಎಂದ. ಅವರು ನೋಟೀಸಿನಿಂದ ಕಣ್ಣು ತೆಗೆಯದೆ ಹೇಳಿದರು:

"ಅಕ್ಕನಿಗೆ ನೀನೇ ಹೇಳು. ನನಗೆ ಅವಳ ಮುಖ ನೋಡಿ ಹೇಳೋಕಾಗಲ್ಲ."

ಒಗೆದ ಬಟ್ಟೆಗಳ ಕಪಾಟುಗಳ ನಡುವೆ ಸಣ್ಣ ಸಂದಿಯಿತ್ತು, ಅಲ್ಲಿ ಹೋಗಿ ನಿಂತು ಫೋನ್ ಮಾಡಿದ. ಮಾತು ತಪ್ಪಿದವನು ಎಂದು ಅಕ್ಕ ಬೈಯಲಿ, ಮನೆಗೆ ಕಾಲಿಡಬೇಡ ಎನ್ನಲಿ, ಕೇಳಿಸಿಕೊಳ್ಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಎರಡನೇ ರಿಂಗಿಗೇ ಎತ್ತಿದಳು.

"ಏನೋ ಈ ಹೊತ್ತಲ್ಲಿ? ನಿನ್ನೆ ನಕ್ಕಿದ್ದು ಸಾಲ್ಲಿಲ್ವಾ? ನೆಟ್ಟಗೆ ಊಟಾನೂ ಮಾಡ್ಲಿಲ್ಲ ಅವರು, ತಂಡ ಇಳೀತು ಅಂತ."

"ಅಕ್ಕಾ, ಮೇಡಂಗೆ ಹೇಳಿಬಿಟ್ಟೆ. ಭಾವನ ಕೈ ವಿಷಯ. ಬೇರೆ ಯಾರೂ ಅಲ್ಲ, ನಾನೇ ಹೇಳಿದ್ದು." ಉಸಿರು ತೆಗೆದುಕೊಂಡ. "ಇನ್ನು ಅವರನ್ನ ರೋಲರಿಗೆ ಹಾಕಲ್ಲ."

ಅತ್ತ ಕಡೆ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು, ಅದು ನಿಂತಿತು.

"ಬೆರಳೆಲ್ಲ ಇದೆಯಾ?" ಎಂದಳು ಅಕ್ಕ.

"ಏನಕ್ಕಾ?"

"ಅವರ ಬೆರಳು ಕಣೋ. ಹತ್ತೂ ಇದೆಯಾ?"

"ಇದೆ ಅಕ್ಕ. ಹತ್ತೂ ಇದೆ."

ಆಗ ಅಕ್ಕ ಅಳತೊಡಗಿದಳು. ತಡೆದು ತಡೆದು ಅಳುವವಳಲ್ಲ ಅವಳು, ಬಾಯಿ ಬಿಟ್ಟೇ ಅತ್ತಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಬಹಳ ಹೊತ್ತಾದ ಮೇಲೆ ಮೂಗು ಒರೆಸಿಕೊಂಡ ಸದ್ದಾಯಿತು.

"ದಿನಾ ಸಂಜೆ ಬಾಗಿಲು ತೆಗೆದ ತಕ್ಷಣ ಮೊದಲು ಅದನ್ನೇ ಎಣಿಸ್ತಿದ್ದೆ" ಎಂದಳು.